ಪಕ್ಕದ ಮೇಜಿನವನು ಏಳಬೇಕು

ಬ್ರೆಡ್ಡಿನ ವಾಸನೆ, ಬಿಸಿ ಬ್ರೆಡ್ಡಿನೊಳಗೆ ಕರಗಿ ಇಳಿದ ಹಂದಿಮಾಂಸದ ಖಾರ ವಾಸನೆ, ಪಾದ್ರಿ ಎಲ್ಲರ ಕಣ್ಣು ಮುಚ್ಚಿಸಿ ಪ್ರಾರ್ಥನೆ ಹೇಳುತ್ತಿರುವಾಗಲೇ ಮೂಗಿಗೆ ಬಡಿಯುತ್ತಿದೆ, ಪಕ್ಕದ ಮೇಜಿನ ಕೆಳಗಿನಿಂದ, ಟ್ವೈಲಾ ಹ್ಯಾಚರ್ ನಸುಕಿನಲ್ಲೇ ಎದ್ದು ಬೇಯಿಸಿ ತಂದ ಬುಟ್ಟಿಗಳಿಂದ, ರಾಜ್ಯದ ಮೇಲ್ಮನೆಗೆ, ಇಡೀ ಸೆನೇಟಿಗೆ ಸಾಕಾಗುವಷ್ಟು, ಮೊದಲ ಮಸೂದೆ ತರುವ ಹೊಸಬರು ಎಲ್ಲರಿಗೂ ತಿನ್ನಲು ಏನಾದರೂ ತರಬೇಕು ಎಂದು ಅವಳಿಗೆ ಹೇಳಿಕೊಟ್ಟವನು ಡೆಲ್ಮಸ್ ಸ್ಟಾಲರ್ಡನೇ, ಬೇರೆ ಯಾರು ಹೇಳಬೇಕು, ಪಕ್ಕದ ಮೇಜಿನ ಹಿರಿಯನೇ ಹೇಳಿಕೊಡಬೇಕು, ಅದೂ ಇಲ್ಲಿನ ಪದ್ಧತಿಯೇ — ಕರ್ತನೇ, ಈ ದಿನ ನಮ್ಮ ಕೈಗಳು ಮಾಡುವ ಕೆಲಸವನ್ನೆಲ್ಲ ನೀನು ನೋಡುತ್ತಿರುವೆ — ಅಯ್ಯೋ ಈ ಪಾದ್ರಿಗೆ ಇವತ್ತೇ ಈ ಮಾತು ಸಿಗಬೇಕಿತ್ತೇ, ಬೇರೆ ದಿನ ಆದರೆ ಬೆಳೆ ಮಳೆ ರಾಜ್ಯಪಾಲರ ಆರೋಗ್ಯ ಅಂತ ಏನೋ ಒಂದು ಹೇಳಿ ಮುಗಿಸುತ್ತಾನೆ, ಡೆಲ್ಮಸ್ ಒಂದು ಕಣ್ಣು ತೆರೆದು ಮೇಲೆ ಗ್ಯಾಲರಿ ನೋಡಿದ, ಮೊದಲ ಸಾಲಿನಲ್ಲಿ ಹೆಂಡತಿ ಓಪಲ್, ನೀಲಿ ಕೋಟು, ಚರ್ಚಿಗೆ ಬಿಟ್ಟರೆ ಬೇರೆಲ್ಲಿಗೂ ಹಾಕದ ಕೋಟು, ಅದರ ಕಾಲರಿನಲ್ಲಿ ಮಗನ ಅಗ್ನಿಶಾಮಕ ದಳದ ಬಿಲ್ಲೆ, ಅವಳು ಕೈ ಬೀಸಲಿಲ್ಲ, ಅವಳು ಎಂದೂ ಕೈ ಬೀಸುವವಳಲ್ಲ, ಸುಮ್ಮನೆ ಇವನನ್ನೇ ನೋಡುತ್ತಿದ್ದಾಳೆ, ಇಷ್ಟು ವರ್ಷ ಆದ ಮೇಲೆ ಕೊನೆಗೂ ಒಂದು ಕೆಲಸ ಮಾಡಿಸಿದ ಗಂಡನನ್ನು ನೋಡುವ ಹಾಗೆ, ಅವನು ಬೇಗನೆ ಕಣ್ಣು ಮುಚ್ಚಿಕೊಂಡ, ಡೆಲ್ಮಸ್ ಅವ್ರೇ, ಪಿಸುಮಾತು, ಟ್ವೈಲಾ, ಪ್ರಾರ್ಥನೆಯ ನಡುವೆಯೇ, ನನ್ ಕಾಲು ನಡುಗ್ತಾ ಇದೆ ರೀ, ಹಿಮದಲ್ಲಿ ಬ್ರೇಕ್ ಹಿಡೀದೇ ಬಸ್ಸು ಜಾರಿದಾಗ್ಲೂ ಹೀಗೆ ನಡುಗಿರ್ಲಿಲ್ಲ, ಸುಮ್ನಿರು ತಾಯಿ, ನಾನಿದೀನಲ್ಲ, ಎಂದುಬಿಟ್ಟ ಡೆಲ್ಮಸ್, ಬಾಯಿಗೆ ಅಭ್ಯಾಸವಾದ ಮಾತು, ಆಮೆನ್ ಎಂದರು ಎಲ್ಲರೂ, ಅವನೂ ಆಮೆನ್ ಎಂದು ಕುರ್ಚಿಯಲ್ಲಿ ಕೂತ.

ನಾನಿದೀನಲ್ಲ ಅಂತೆ, ನಾಚಿಕೆಯಾಗಬೇಕು ಮುದುಕನಿಗೆ, ಗುಮಾಸ್ತ ನಿನ್ನೆಯ ಕಲಾಪದ ವರದಿ ಓದುತ್ತಿದ್ದಾನೆ, ಯಾರೂ ಕೇಳುತ್ತಿಲ್ಲ, ಹಿಂದಿನ ಸಾಲಿನಲ್ಲಿ ಯಾರೋ ಈಗಲೇ ಕಿಸಿಕಿಸಿ ನಗುತ್ತಿದ್ದಾರೆ, ಗೊತ್ತು ಎಲ್ಲರಿಗೂ, ಇವತ್ತು ಹೊಸಬಳ ಮೊದಲ ಮಸೂದೆ, ಇವತ್ತು ಮೋಜು ಇದೆ, ಈ ಪದ್ಧತಿ ಯಾವ ಕಾಲದಿಂದ ಬಂತೋ ಯಾರಿಗೂ ಗೊತ್ತಿಲ್ಲ, ಯಾವ ನಿಯಮದ ಪುಸ್ತಕದಲ್ಲೂ ಇಲ್ಲ, ಹೊಸಬರು ಎದ್ದು ಬೆವರುತ್ತಾ ಮಾತಾಡಬೇಕು, ಹಳಬರು ಹುಬ್ಬು ಗಂಟಿಕ್ಕಿ ತಲೆಬುಡವಿಲ್ಲದ ಪ್ರಶ್ನೆ ಕೇಳಬೇಕು, ಆಮೇಲೆ ಎಲ್ಲರೂ ಸೇರಿ ಕೆಂಪು ಗುಂಡಿ ಒತ್ತಬೇಕು, ಗೋಡೆಯ ಫಲಕ ಪೂರ್ತಿ ಕೆಂಪು, ಅಧ್ಯಕ್ಷರು ಸುತ್ತಿಗೆ ಕುಟ್ಟಿ ಮಸೂದೆ ಬಿದ್ದುಹೋಯಿತು ಎಂದು ಸಾರಬೇಕು, ಹೊಸಬರ ಮುಖ ಬಿಳಿಚಿಕೊಳ್ಳಬೇಕು, ಅಷ್ಟರಲ್ಲಿ ಪಕ್ಕದ ಮೇಜಿನವನು ಏಳಬೇಕು, ಅಧ್ಯಕ್ಷರೇ, ನಾನು ಗೆದ್ದ ಕಡೆಗೆ ಮತ ಹಾಕಿದವನು, ಮರುಪರಿಶೀಲನೆ ಕೋರುತ್ತೇನೆ, ಎನ್ನಬೇಕು, ಆಗ ಎರಡನೆಯ ಮತ, ಅದು ನಿಜವಾದ ಮತ, ಫಲಕ ಹಸಿರಾಗಿ ಎಲ್ಲರೂ ಎದ್ದು ಚಪ್ಪಾಳೆ, ಡೆಲ್ಮಸನದೇ ಮೊದಲ ಮಸೂದೆಯ ದಿನ, ಜೇನುಗೂಡುಗಳ ರೋಗದ ಮೇಲೆ ಏನೋ ಒಂದು ಪುಟ್ಟ ಮಸೂದೆ, ಪಕ್ಕದ ಮೇಜಿನ ಮುದುಕ ಬೇಕಂತಲೇ ಕನ್ನಡಕ ಒರೆಸುತ್ತಾ ಕೂತುಬಿಟ್ಟಿದ್ದ, ಏಳಲೇ ಇಲ್ಲ, ಒರೆಸಿದ, ಬೆಳಕಿಗೆ ಹಿಡಿದು ನೋಡಿದ, ಮತ್ತೆ ಒರೆಸಿದ, ಡೆಲ್ಮಸನ ಅಂಗಿ ಬೆನ್ನಿಗೆ ಅಂಟಿಹೋಗಿತ್ತು, ಕೊನೆಗೆ ಎದ್ದ, ಏನ್ ಹುಡ್ಗಾ, ಚಡ್ಡಿ ಒದ್ದೆ ಆಯ್ತಾ ಎಂದು ಕಿವಿಯಲ್ಲಿ ಕೇಳಿ ಎದ್ದ, ಆ ಹೊತ್ತು ಡೆಲ್ಮಸ್‌ಗೆ ಅವನ ಕಾಲಿಗೆ ಬೀಳುವಷ್ಟು ಪ್ರೀತಿ ಬಂದಿತ್ತು, ಇದನ್ನೆಲ್ಲ ನಿನ್ನೆ ಕೆಳಗಿನ ಕ್ಯಾಂಟೀನಿನಲ್ಲಿ ಟ್ವೈಲಾಗೆ ಹೇಳಿದ್ದ, ಗುಟ್ಟು ಬಿಡಬಾರದು, ಆದರೆ ಅವಳು ಪಾಪ ಹೆದರಿ ಮಸೂದೆಯನ್ನೇ ವಾಪಸ್ ತಗೊಂಡಾಳು ಅಂತ ಹೇಳಿಬಿಟ್ಟಿದ್ದ, ಎಲ್ಲಾ ಕೆಂಪಾದ್ರೂ ಗಾಬರಿ ಬೀಳ್ಬೇಡ ಮಗಳೇ, ನಗ್ತಾ ಕೂತಿರು, ನಾನು ಏಳೋತನಕ ಸುಮ್ನೆ ನಗ್ತಾ ಕೂತಿರು, ಅವಳು ಬಾಯಿತುಂಬ ಬೀನ್ಸು ಇಟ್ಟುಕೊಂಡೇ ನಕ್ಕಿದ್ದಳು, ನೀವು ತಡ ಮಾಡಿದ್ರೆ ಕಾಲಲ್ಲಿ ಒದೀತೀನಿ ನೋಡಿ, ಎಂದಿದ್ದಳು. ನಿನ್ನೆಯ ತನಕ ಅದೆಲ್ಲ ನಿಜವಾದ ಮಾತೇ ಆಗಿತ್ತು.

ನಿನ್ನೆಯ ತನಕ, ಹೌದು, ಇವತ್ತು ಬೆಳಿಗ್ಗೆ ಕೈ ತೊಳೆಯುವ ಕೋಣೆಯಲ್ಲಿ ಗಾರ್ನೆಟ್ ಪ್ರೂಯಿಟ್ ಸಿಕ್ಕುವ ತನಕ, ಬಹುಮತ ಪಕ್ಷದ ನಾಯಕ ಪ್ರೂಯಿಟ್, ಯಾವ ಮಸೂದೆ ಯಾವ ದಿನ ಯಾವುದರ ಹಿಂದೆ ಬರಬೇಕು ಎಂದು ಹೇಳುವ ಪ್ರೂಯಿಟ್, ಟವೆಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಳ್ಳುತ್ತಾ, ಡೆಲ್, ಇವತ್ತು ನೀನು ಏಳ್ಬೇಡ, ಎಲ್ಲಿಂದ ಏಳ್ಬೇಡ ಅಂದ ಡೆಲ್ಮಸ್, ಕುರ್ಚಿಯಿಂದ ಮಾರಾಯ, ಆ ಸ್ಕೂಲ್ ಬಸ್ ಡ್ರೈವರಮ್ಮ ಟ್ವೈಲಾಳ ಮಸೂದೆ ಕೆಂಪಾದ ಮೇಲೆ ನೀನು ಏಳೋದು ಬೇಡ, ಅಷ್ಟೇ, ನಿನ್ನಿಂದ ಯಾರೂ ಏನೂ ಮಾಡು ಅಂತ ಕೇಳ್ತಿಲ್ಲ, ಏನೂ ಮಾಡ್ದೇ ಇರು ಅಂತ ಕೇಳ್ತಿದೀನಿ, ಡೆಲ್ಮಸ್‌ಗೆ ಮೊದಲು ನಗು ಬಂತು, ತಮಾಷೆಯೊಳಗಿನ ತಮಾಷೆ ಅಂದುಕೊಂಡ, ಪ್ರೂಯಿಟ್ ನಗಲಿಲ್ಲ, ನೋಡು, ನೇರವಾಗಿ ಮತಕ್ಕೆ ಹಾಕಿದ್ರೆ ಅದು ಪಾಸಾಗತ್ತೆ, ಹಳಿ ದಾಟೋ ಮಕ್ಕಳ ವಿರುದ್ಧ ಯಾವನು ಕೆಂಪು ಒತ್ತಾನೆ ಹೇಳು, ಊರಿಗೆ ಹೋಗಿ ಮುಖ ತೋರಿಸ್ಬೇಕಲ್ಲ, ರೈಲು ಕಂಪನಿಯೋರು ನನ್ನ ತಲೆ ತಿಂತಿದಾರೆ, ಹೀಗಾದ್ರೆ ಯಾರ ಮೇಲೂ ಬರಲ್ಲ, ತಮಾಷೆ ಮಾಡಕ್ಕೆ ಹೋದ್ವಿ, ಹೊತ್ತು ಮೀರಿಹೋಯ್ತು, ಅಯ್ಯೋ ಪಾಪ ಅಂತೀವಿ, ಮಸೂದೆಗಳು ಕೆಳಮನೆಗೆ ಹೋಗಕ್ಕೆ ಇವತ್ತೇ ಕೊನೇ ದಿನ, ಮುಂದಿನ ವರ್ಷ ತರ್ಲಿ ಬಿಡು, ಡೆಲ್ಮಸ್ ಆಗಲ್ಲ ಗಾರ್ನೆಟ್ ಅಂದ, ಅಂದನೇ, ಅಂದಿರಬೇಕು, ಬಾಯಿ ತೆರೆದದ್ದಂತೂ ನೆನಪಿದೆ, ಅಷ್ಟರಲ್ಲಿ ಪ್ರೂಯಿಟ್ ಟವೆಲನ್ನು ಬುಟ್ಟಿಗೆ ಹಾಕಿ, ನಿನ್ನ ಹುಡುಗ ರಾಯ್ಸ್ ಹೆಸರಿನ ಸೇತುವೆ ನಿರ್ಣಯ ಅದರ ಹಿಂದೇನೇ ಇಟ್ಟಿದೀನಿ, ಓಪಲ್ ಬಂದಿದಾಳಂತಲ್ಲ, ಒಳ್ಳೇದಾಯ್ತು, ಅದು ಮುಗಿದ ಕೂಡ್ಲೇ ರಾಯ್ಸ್ ಗೌರವಕ್ಕೆ ಅಂತ ಕಲಾಪ ಮುಗಿಸಿಬಿಡೋಣ, ಚೆನ್ನಾಗಿರತ್ತೆ, ನಾನು ಎದ್ದರೆ, ಎಂದು ಕೇಳಿದ ಡೆಲ್ಮಸ್, ಇದನ್ನಂತೂ ಕೇಳಿದ, ಎದ್ರೆ ಏಳಪ್ಪಾ, ನಿನ್ನ ಕಾಲು, ನಿನ್ನ ಇಷ್ಟ, ನಿರ್ಣಯ ಬದಿಗಿಡಿ ಅಂತ ನಾನೂ ಎದ್ದು ಹೇಳ್ತೀನಿ, ಮುಂದಿನ ವರ್ಷ ನೋಡೋಣ, ಎಂದು ಭುಜ ತಟ್ಟಿ ಹೋದ, ಕೈ ಇನ್ನೂ ತಣ್ಣಗಿತ್ತು ಅವನದು.

ಮುಂದಿನ ವರ್ಷ, ಎಷ್ಟು ಮುಂದಿನ ವರ್ಷಗಳಾದವು, ಪ್ರವಾಹ ಬಂದ ಆ ರಾತ್ರಿ ಹೊಳೆಗೆ ಇಳಿದು ಒಬ್ಬೊಬ್ಬರನ್ನೇ ಹಗ್ಗ ಕಟ್ಟಿ ದಡಕ್ಕೆ ಎಳೆದ ರಾಯ್ಸ್, ಕೊನೆಯವಳನ್ನು ದಡಕ್ಕೆ ಕೊಟ್ಟು ತಾನು ಉಳಿಯದ ರಾಯ್ಸ್, ಈ ರಾಜ್ಯದಲ್ಲಿ ಸತ್ತ ಯಾರ ಹೆಸರನ್ನೂ ಒಂದು ಸೇತುವೆಗೆ ಇಡದೆ ಬಿಟ್ಟಿಲ್ಲ, ಕುದುರೆ ಓಡಿಸಿದವನ ಹೆಸರಿನಲ್ಲೂ ಒಂದಿದೆ, ತನ್ನ ಮಗನಿಗೆ ಮಾತ್ರ ಪ್ರತಿ ವರ್ಷ ಪ್ರೂಯಿಟ್‌ನ ಸಮಿತಿಯಲ್ಲಿ ಜಾಗವಿಲ್ಲ, ಹಳೆಯ ಕೋಪ, ಡೆಲ್ಮಸ್ ಒಮ್ಮೆ ಅವನ ನಾಯಕತ್ವಕ್ಕೆ ಮತ ಹಾಕಿರಲಿಲ್ಲ, ಓಪಲ್‌ಗೆ ಇದೆಲ್ಲ ಹೇಳಲು ಬಾಯಿ ಬಂದಿರಲಿಲ್ಲ, ಈ ಸಲ ಆಗತ್ತೆ ಅಂತಲೇ ಹೇಳುತ್ತಾ ಬಂದ, ಅವಳು ಅಡುಗೆಮನೆಯಲ್ಲಿ ಬೆನ್ನು ಹಾಕಿ ನಿಂತು, ಬೋರ್ಡ್ ಮೇಲೆ ಹೆಸರು ಬಿದ್ರೆ ದಾರೀಲಿ ಹೋಗೋರು ಓದ್ತಾರೆ ಡೆಲ್, ಅವನನ್ನ ಕಂಡೇ ಇಲ್ಲದೋರ ಬಾಯಲ್ಲೂ ಅವನ ಹೆಸರು ಒಂದ್ಸಲ ಬರತ್ತೆ, ಈಗ ಆ ಹೆಸರು ಹೇಳೋರು ನಾವಿಬ್ಬರೇ ಅಲ್ವಾ, ನಾವೂ ಹೇಳೋದು ಬಿಟ್ಟಿದೀವಿ, ಎಂದಿದ್ದಳು, ಅವಳಿಗೆ ಏನು ಹೇಳಲಿ ಇವತ್ತು, ಕೋಟು ತೆಗೆದು ಗಳಕ್ಕೆ ಹಾಕು, ಮುಂದಿನ ವರ್ಷ ಅಂತ ಹೇಳಲೇ, ಬಸ್ಸಿನವಳ ಮಸೂದೆಗಾಗಿ ನಿನ್ನ ಮಗನನ್ನು ಬದಿಗಿಟ್ಟು ಬಂದೆ ಅಂತ ಹೇಳಲೇ, ಥೂ, ಯೋಚನೆ ಹೋಗುವ ದಾರಿ ನೋಡು, ಮಕ್ಕಳನ್ನೇ ಒಂದು ಕಡೆ, ಮಗನನ್ನೇ ಇನ್ನೊಂದು ಕಡೆ ಇಟ್ಟು ತೂಗುತ್ತಿದೆ, ರಾಯ್ಸ್ ಇದ್ದಿದ್ದರೆ ಏನೆನ್ನುತ್ತಿದ್ದ ಅಂತ ಕೇಳಲೇಬೇಡ, ಅದು ಗೊತ್ತಿದೆ.

ಆ ಮಕ್ಕಳನ್ನು ಅವನು ಕಣ್ಣಾರೆ ಕಂಡಿದ್ದಾನೆ, ಅದೇ ತೊಂದರೆ, ಕಾಣದಿದ್ದರೆ ಚೆನ್ನಾಗಿತ್ತು, ಎಲೆ ಉದುರುವ ಕಾಲದಲ್ಲಿ ಟ್ವೈಲಾ ಅವನನ್ನು ತನ್ನ ಕಣಿವೆಗೆ ಕರೆದುಕೊಂಡು ಹೋಗಿದ್ದಳು, ಒಳಗೆ ಹೋಗಲೂ ಹೊರಗೆ ಬರಲೂ ಒಂದೇ ರಸ್ತೆ, ಆ ರಸ್ತೆಯ ಬಾಯಿಗೇ ಅಡ್ಡ ರೈಲು ಹಳಿ, ಹಳಿಯ ಮೇಲೆ ಕಲ್ಲಿದ್ದಲಿನ ಗೂಡ್ಸು ನಿಂತುಬಿಟ್ಟರೆ ನಿಂತೇಬಿಟ್ಟಿತು, ಮುಂದಿನ ನಿಲ್ದಾಣದಲ್ಲಿ ಜಾಗ ಆಗುವ ತನಕ, ಹೆರಿಗೆ ನೋವಿನವಳು ಆಚೆ, ಆಂಬುಲೆನ್ಸು ಈಚೆ, ಮಕ್ಕಳು ಆಚೆ, ಸ್ಕೂಲ್ ಬಸ್ಸು ಈಚೆ, ಆವತ್ತೂ ನಿಂತಿತ್ತು, ತಲೆಯೂ ಕಾಣದು ಬಾಲವೂ ಕಾಣದು, ನೋಡಿ ಈಗ, ಎಂದಳು ಟ್ವೈಲಾ, ವ್ಯಾಗನ್ನಿನ ಅಡಿಯಿಂದ ಮೊದಲು ಒಂದು ಚೀಲ ಬಂತು, ಕಲ್ಲುಗಳ ಮೇಲೆ ಜಾರುತ್ತಾ, ಆಮೇಲೆ ಎರಡು ಅಂಗೈ, ಆಮೇಲೆ ಒಂದನೇ ಕ್ಲಾಸಿನ ಒಂದು ಹುಡುಗಿ, ಮೊಣಕಾಲು ಕೊಡವಿಕೊಂಡು ಏನೂ ಆಗಿಲ್ಲವೆಂಬಂತೆ ಬಸ್ಸು ಹತ್ತಿದಳು, ಡೆಲ್ಮಸ್ ಬೆವರಿ ವ್ಯಾಗನ್ನಿನ ಕಬ್ಬಿಣಕ್ಕೆ ಕೈ ಊರಿ ನಿಂತ, ಆಗಲೇ ಎಲ್ಲೋ ದೂರ ಮುಂದಿನಿಂದ ಢಣ್ ಎಂದು ಎಳೆತ ಶುರುವಾಗಿ ಒಂದೊಂದೇ ವ್ಯಾಗನ್ನಿಗೆ ಓಡಿ ಬಂದು ಅವನ ಕೈಯೊಳಗೆ ಜಗ್ಗಿತು, ಎರಡು ಮಾರು ಮುಂದೆ ಹೋಗಿ ಮತ್ತೆ ನಿಂತಿತು, ಅಷ್ಟೇ, ಎರಡು ಮಾರು, ಟ್ವೈಲಾ ಕಿರುಚಲಿಲ್ಲ, ಅವಳಿಗೆ ಅಭ್ಯಾಸ, ಇನ್ನೂ ಏನೂ ಆಗಿಲ್ಲ ರೀ, ಅದಕ್ಕೇ ಈಗ್ಲೇ ಮಸೂದೆ ತರ್ತೀನಿ ಅಂತಿರೋದು, ಆದ್ಮೇಲೆ ತಂದ್ರೆ ಆ ಮಸೂದೆಗೆ ಯಾವುದೋ ಮಗೂ ಹೆಸರು ಇಡ್ಬೇಕಾಗತ್ತೆ, ಅಂದವಳು ತಟ್ಟನೆ ಅವನ ಮುಖ ನೋಡಿ ನಾಲಿಗೆ ಕಚ್ಚಿಕೊಂಡಿದ್ದಳು, ಕ್ಷಮಿಸಿ, ರಾಯ್ಸ್ ನೆನಪಾಗ್ಲಿಲ್ಲ ನಂಗೆ, ಪರವಾಗಿಲ್ಲ ತಾಯಿ ಎಂದಿದ್ದ, ಹಾಂ, ಏನು, ಗುಮಾಸ್ತ ಅವಳ ಮಸೂದೆಯ ಹೆಸರು ಓದಿಬಿಟ್ಟ, ಟ್ವೈಲಾ ಎದ್ದಳು, ಹಿಂದಿನ ಸಾಲಿನವರು ಕುರ್ಚಿ ಮುಂದಕ್ಕೆಳೆದುಕೊಂಡರು.

ಚೆನ್ನಾಗಿಯೇ ಮಾತಾಡುತ್ತಿದ್ದಾಳೆ, ಕಾಲು ನಡುಗಿದರೂ ಗಂಟಲು ನಡುಗುತ್ತಿಲ್ಲ, ರಸ್ತೆಗೆ ಅಡ್ಡ ರೈಲು ನಿಲ್ಲಿಸಬಾರದು, ನಿಲ್ಲಿಸಿದರೆ ನಡುವೆ ಬಿಚ್ಚಿ ದಾರಿ ಬಿಡಬೇಕು, ಇಷ್ಟೇ ನನ್ನ ಮಸೂದೆ ಅಧ್ಯಕ್ಷರೇ, ಒಬ್ಬ ಎದ್ದು ಗಂಭೀರವಾಗಿ, ಮಾನ್ಯ ಸದಸ್ಯರು ರೈಲಿನ ಅಭಿಪ್ರಾಯ ಕೇಳಿದ್ದಾರಾ, ಇನ್ನೊಬ್ಬ, ನನ್ನ ಹಸುಗಳು ರಸ್ತೆಗೆ ಅಡ್ಡ ಮಲಗ್ತವೆ, ಅವನ್ನೂ ನಡುವೆ ಬಿಚ್ಚಬೇಕಾ ಅಂತ ತಿಳ್ಕೋಬಹುದಾ, ಸದನಕ್ಕೆ ಸದನವೇ ಕೆಮ್ಮು ಬಂದವರಂತೆ ನಗು ನುಂಗುತ್ತಿದೆ, ಟ್ವೈಲಾ ತುಟಿ ಬಿಗಿಹಿಡಿದು ಉತ್ತರ ಕೊಡುತ್ತಿದ್ದಾಳೆ, ಹಸುಗಳಿಗೆ ನಿಮಗಿಂತ ಬೇಗ ಅರ್ಥ ಆಗತ್ತೆ ಸ್ವಾಮಿ, ಒಂದ್ಸಲ ಏಳಿ ಅಂದ್ರೆ ಎದ್ದು ಹೋಗ್ತವೆ, ಎಲ್ಲರೂ ಹೋ ಎಂದರು, ಅವಳು ಕೆಳಗೆ ಕೂರುತ್ತಾ ಡೆಲ್ಮಸ್ ಕಡೆ ತಿರುಗಿ ನಕ್ಕಳು, ಹೆಂಗೆ ಎಂಬಂತೆ, ಇವನೂ ನಕ್ಕ, ನಗುವಾಗ ಕೆನ್ನೆ ನೋಯಿತು, ಈಗಲೇ ಹೇಳಬಹುದು, ಬಗ್ಗಿ ಕಿವಿಯಲ್ಲಿ ಒಂದು ಮಾತು, ಇದು ತಮಾಷೆ ಅಲ್ಲ ಮಗಳೇ, ಎದ್ದು ಮಸೂದೆ ಹಿಂದಕ್ಕೆ ತಗೋ, ಮತ ತಡಿ, ಅಷ್ಟೇ, ಹೇಳು ಡೆಲ್ಮಸ್, ಹೇಗೂ ಒಕ್ಕೂಟ ಸರ್ಕಾರದ ಕೋರ್ಟು ಇದನ್ನು ಹೊಡೆದು ಹಾಕುತ್ತದೆ, ರೈಲು ರಾಜ್ಯದ ಕೈಯಲ್ಲಿಲ್ಲ, ವಕೀಲರೇ ಹೇಳಿದ್ದಾರೆ, ಹಾಗಿದ್ದರೆ ರೈಲಿನವರು ಯಾಕೆ ಹೆದರಬೇಕು, ನೆಪ, ನೆಪ, ಎಷ್ಟು ಬೇಗ ಸಿಗುತ್ತವೆ ನೆಪಗಳು, ಮೂರನೇ ಸಾಲಿನಿಂದ ಪ್ರೂಯಿಟ್ ಇವನ ಕಡೆ ನೋಡುತ್ತಲೂ ಇಲ್ಲ, ಉಗುರು ನೋಡಿಕೊಳ್ಳುತ್ತಿದ್ದಾನೆ, ಮತ ಹಾಕಿ ಎಂದರು ಅಧ್ಯಕ್ಷರು, ಗಂಟೆ ಹೊಡೆಯಿತು, ಡೆಲ್ಮಸನ ಹೆಬ್ಬೆರಳು ಕೆಂಪು ಗುಂಡಿಯ ಮೇಲೆ ಹೋಯಿತು, ಕೆಂಪೇ ಒತ್ತಬೇಕು, ಏಳುವುದಾದರೂ ಕೆಂಪೇ ಒತ್ತಬೇಕು, ಗೆದ್ದ ಕಡೆಗೆ ಮತ ಹಾಕಿದವನು ಮಾತ್ರ ಮರುಪರಿಶೀಲನೆ ಕೇಳಬಹುದು, ಆದ್ದರಿಂದ ಈ ತನಕ ತಪ್ಪೇನೂ ಮಾಡಿಲ್ಲ, ಈ ತನಕ ಇಲ್ಲ, ಒತ್ತಿದ.

ಫಲಕದಲ್ಲಿ ಒಂದಾದ ಮೇಲೊಂದು ಕೆಂಪು, ಹ್ಯಾಚರ್ ಹೆಸರಿನ ಮುಂದೆ ಒಂದೇ ಒಂದು ಹಸಿರು ಚುಕ್ಕೆ, ಅಧ್ಯಕ್ಷರು ಸುತ್ತಿಗೆ ಕುಟ್ಟಿ ಮಸೂದೆ ಬಿದ್ದಿದೆ ಎಂದರು, ಅವರಿಗೂ ಇದು ಆಟವೇ, ಮುಖ ಆಚೆ ತಿರುಗಿಸಿಕೊಂಡು ನಗುತ್ತಿದ್ದಾರೆ, ಸದನ ಮೇಜು ಕುಟ್ಟಿ ನಗುತ್ತಿದೆ, ಬ್ರೆಡ್ ಹಂಚಮ್ಮಾ, ದುಃಖದ ಊಟ, ಎಂದು ಕೂಗಿದ ಒಬ್ಬ, ಟ್ವೈಲಾ ಹೆದರಿದವಳಂತೆ ಎದೆಗೆ ಕೈ ಇಟ್ಟುಕೊಂಡು ನಟಿಸಿದಳು, ನಟಿಸಿ ಡೆಲ್ಮಸ್ ಕಡೆ ತಿರುಗಿ ನಕ್ಕಳು, ಅವನು ಕನ್ನಡಕ ತೆಗೆದ, ಯಾಕೆ ತೆಗೆದ, ಕೈಗೆ ಏನಾದರೂ ಕೆಲಸ ಬೇಕಿತ್ತು, ಒರೆಸತೊಡಗಿದ, ಆಹಾ, ಹಳೇ ಆಟ, ಸತಾಯಿಸ್ತಿದಾನೆ ನೋಡ್ರೋ ಮುದುಕ, ಎಂದಿತು ಹಿಂದಿನ ಸಾಲು, ಸದನ ಇನ್ನೂ ನಗುತ್ತಿದೆ, ಅವರೆಲ್ಲ ಅವನನ್ನೇ ಕಾಯುತ್ತಿದ್ದಾರೆ, ಇವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹಸಿರು ಒತ್ತಲು ಹೆಬ್ಬೆರಳು ಇಟ್ಟುಕೊಂಡೇ ಕೂತಿದ್ದಾರೆ, ಅವನೊಬ್ಬ ಎದ್ದರೆ ಸಾಕು, ಕಾಲಿಗೆ ಮೆಲ್ಲಗೆ ಏನೋ ತಗುಲಿತು, ಟ್ವೈಲಾಳ ಶೂ, ಹೇಳಿದ ಹಾಗೇ ಒದ್ದಳು, ಏಳ್ರೀ ಸಾಕು, ಎದೆ ಹೊಡ್ಕೋತಿದೆ ನಂಗೆ, ನಗುತ್ತಲೇ, ಪೂರ್ತಿ ನಂಬಿಕೊಂಡು ನಗುತ್ತಲೇ, ಅಯ್ಯೋ ದೇವರೇ ಆ ನಗು, ಅಷ್ಟರಲ್ಲಿ ಪ್ರೂಯಿಟ್‌ನ ದನಿ, ತಣ್ಣಗೆ, ಅಧ್ಯಕ್ಷರೇ, ಮುಂದಿನ ವಿಷಯ, ಒಬ್ಬ ವೀರನ ನೆನಪಿನದು, ಗ್ಯಾಲರಿಯಲ್ಲಿ ಅವನ ತಾಯಿ ಇದ್ದಾರೆ, ದಯವಿಟ್ಟು ಎಲ್ಲರೂ ಸುಮ್ಮನಿರಬೇಕು, ನಗು ಒಂದೇ ಸಲ ನಿಂತಿತು, ತಪ್ಪು ಮಾಡಿ ಸಿಕ್ಕಿಬಿದ್ದ ಮಕ್ಕಳಂತೆ ಎಲ್ಲರೂ ಟೈ ಸರಿಮಾಡಿಕೊಂಡರು, ಒಬ್ಬಿಬ್ಬರು ಡೆಲ್ಮಸ್ ಕಡೆ ನೋಡಿದರು, ಮಗನ ವಿಷಯ, ಪಾಪ, ಇದು ಮುಗೀಲಿ, ಆಮೇಲೆ ಎದ್ದು ಕೇಳ್ತಾನೆ ಎಂಬಂತೆ, ಇದು ಮುಗಿದರೆ ಕಲಾಪವೇ ಮುಗಿಯುತ್ತದೆ, ಆಮೇಲೆ ಎಂಬುದು ಇಲ್ಲ ಎಂದು ಈ ಕೋಣೆಯಲ್ಲಿ ಇಬ್ಬರಿಗೇ ಗೊತ್ತು.

ಗುಮಾಸ್ತ ಓದುತ್ತಿದ್ದಾನೆ, ಹೊಳೆ, ಪ್ರವಾಹ, ಹಗ್ಗ, ರಾಯ್ಸ್ ಡೆಲ್ಮಸ್ ಸ್ಟಾಲರ್ಡ್ ಸ್ಮಾರಕ ಸೇತುವೆ, ಮೇಲೆ ಓಪಲ್ ಕಂಬಿ ಹಿಡಿದು ಎದ್ದು ನಿಂತಿದ್ದಾಳೆ, ತುಟಿ ಅಲ್ಲಾಡುತ್ತಿದೆ, ಗುಮಾಸ್ತನ ಜೊತೆ ಅವಳೂ ಆ ಹೆಸರು ಹೇಳುತ್ತಿದ್ದಾಳೆ, ಮಾನ್ಯ ಸೆನೇಟರ್ ಸ್ಟಾಲರ್ಡ್ ಎರಡು ಮಾತಾಡಬೇಕು ಎಂದರು ಅಧ್ಯಕ್ಷರು, ಈಗಲೂ ಆಗುತ್ತದೆ, ಎದ್ದು ನಿಂತು ಮೊದಲ ಮಾತೇ ಮರುಪರಿಶೀಲನೆ ಎಂದುಬಿಟ್ಟರೆ ಪ್ರೂಯಿಟ್ ತಕ್ಷಣ ಏಳುತ್ತಾನೆ, ನಿರ್ಣಯ ಬದಿಗೆ ಹೋಗುತ್ತದೆ, ಓಪಲ್ ಮೇಲೆ ನಿಂತೇ ಇರುತ್ತಾಳೆ, ಏನಾಯಿತೆಂದು ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಆ ಸ್ವಲ್ಪ ಹೊತ್ತನ್ನು ಇವನು ಕೆಳಗೆ ನಿಂತು ನೋಡಬೇಕು, ಆಗುತ್ತದಾ ನಿನ್ನ ಕೈಲಿ, ಆಗಬೇಕು, ಅವನು ಎರಡೂ ಕೈ ಮೇಜಿಗೆ ಊರಿದ, ಮಂಡಿ ಕಟಕ್ ಎಂದಿತು, ಎದ್ದ, ಎದ್ದ ಕೂಡಲೇ ಪಕ್ಕದಲ್ಲಿ ಚಪ್ಪಾಳೆ, ಆ ಮೌನದಲ್ಲಿ ಒಬ್ಬಳದೇ ಚಪ್ಪಾಳೆ, ಕಲಾಪದ ಕ್ರಮ ಗೊತ್ತಿಲ್ಲದವಳು, ಯಾವುದಾದ ಮೇಲೆ ಯಾವುದು ಎಂದು ತಿಳಿಯದವಳು, ಪಕ್ಕದ ಮೇಜಿನವನು ಎದ್ದನಲ್ಲ, ಅಷ್ಟೇ ಅವಳಿಗೆ ಗೊತ್ತಿರುವುದು, ನೋಡಿದ್ರಾ, ಎದ್ರು, ಎಂದಳು ಯಾರಿಗೋ, ಮುಖ ಮೇಲೆತ್ತಿ ಅವನನ್ನೇ ನೋಡುತ್ತಾ ನಗುತ್ತಿದ್ದಾಳೆ, ಅಧ್ಯಕ್ಷರೇ, ಎಂದ ಡೆಲ್ಮಸ್, ಇನ್ನೊಂದು ಮಾತು ಬಾಯಲ್ಲೇ ಇತ್ತು, ಇತ್ತು, ಆಣೆ ಮಾಡಿ ಹೇಳಬಲ್ಲ, ನಾಲಿಗೆಯ ತುದಿಯಲ್ಲೇ ಇತ್ತು, ಹೊರಗೆ ಬಂದದ್ದು ಮಾತ್ರ, ನನ್ನ ಮಗ ರಾಯ್ಸ್, ಮೇಲೆ ಓಪಲ್ ಕೋಟಿನ ತೋಳಿನಿಂದ ಕಣ್ಣೊತ್ತಿಕೊಂಡಳು, ನನ್ನ ಮಗ ರಾಯ್ಸ್ ಈಜು ಕಲಿತದ್ದು ಆ ಹೊಳೆಯಲ್ಲೇ ಅಧ್ಯಕ್ಷರೇ, ಮಾತು ತಾನಾಗಿ ಹೋಗುತ್ತಿದೆ, ಬಾಯಿ ಹೇಳುತ್ತಿದೆ, ಅವನಿಗೆ ಏನೂ ಕೇಳಿಸುತ್ತಿಲ್ಲ, ಅವನು ಕೆಳಗೆ ನೋಡಿದ, ನೋಡಬಾರದಿತ್ತು, ಟ್ವೈಲಾಳ ಕೈಗಳು ಗಾಳಿಯಲ್ಲಿ ನಿಂತಿವೆ, ಒಂದು ಚಪ್ಪಾಳೆ ಆಗಿ ಇನ್ನೊಂದು ಆಗುವ ಮೊದಲು, ನಡುವೆ ಒಂದು ಗೇಣು ಜಾಗ, ಮುಖದಲ್ಲಿ ನಗು ಇನ್ನೂ ಇದೆ, ಅದನ್ನು ತೆಗೆಯಬೇಕೆಂದು ಅವಳಿಗೆ ಇನ್ನೂ ಯಾರೂ ಹೇಳಿಲ್ಲ, ಕೈಗಳ ನಡುವೆ ಒಂದು ಗೇಣು, ಮುಖದಲ್ಲಿ ನಗು, ಮೇಲೆತ್ತಿದ ಮುಖದಲ್ಲಿ ನಗು